ಸಿಲೋನದ ಅಜ್ಜನ ಬಾಚಣಿಗಿ

ನಾನು ಮಂದಿಯ ಮೇಲೆ ಸಂಶಯ ಪಡುವುದು, ಮಂದಿ ನನ್ನ ಮೇಲೆ ಸಂಶಯ ಪಡುವುದು, ಇದು ಮೊದಲಿನಿಂದ ನಡೆದೇ ಇದೆ. ಸಮುದ್ರ ದಾಟಿ ಹೋದರೂ ತಪ್ಪಲಿಲ್ಲ.

ಆಗ ನಮ್ಮ ಬನಹಟ್ಟಿ ಮುಂಬೈ ರಾಜ್ಯದಾಗಿತ್ತು. ಸಿಲೋನದ ಒಂದು ಮಗ್ಗದ ಶೆಡ್ಡಿನವರು ಸೀರೆ ಅಂಚು ನೇಯುವುದನ್ನು ತೋರಿಸಲು ನನ್ನನ್ನು ಕರೆಸಿದರು. ಎರಡು ವರ್ಷ ಇದ್ದೆ. ಅಲ್ಲಿಯ ಬಣ್ಣದ ಮೇಸ್ತ್ರಿ ಒಬ್ಬ ಅಜ್ಜ. ಹೆಂಡತಿ ತೀರಿಕೊಂಡಿದ್ದಳು. ನನ್ನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಮುಂಬೈ ಗಿರಣಿಯಲ್ಲಿ ದುಡಿದವ, ಹಿಂದಿ ಬರುತ್ತಿತ್ತು; ನಮ್ಮ ಮಾತೆಲ್ಲ ಅದರಲ್ಲೇ. ನಾನು ಕಲಿಸಿದ್ದು ಕಡಿಮೆ. ನೂಲಿಗೆ ಬಣ್ಣ ಹಾಕುವುದನ್ನು ಅವನಿಂದ ಕಲಿತದ್ದೇ ಹೆಚ್ಚು.

೧. ತುರುಬು

ಹೋದ ದಿನ ಅಂಗಳದಲ್ಲಿ ಯಾರೋ ನನಗೆ ಬೆನ್ನು ಮಾಡಿ ಕುಂತಿದ್ದರು. ಹಿಮ್ಮಡಿ ತನಕ ಸುತ್ತಿದ ಬಟ್ಟೆ. ತಲೆಯಲ್ಲಿ ತುರುಬು. ತುರುಬಿಗೆ ಬಾಗಿದ ಬಾಚಣಿಗೆ.

"ಅಕ್ಕಾರ, ಮನಿಯಾಗ ಗಂಡಸರು ಅದಾರೇನ್ರಿ?" ಅಂದೆ.

ತಿರುಗಿತು. ಬಿಳಿ ಮೀಸೆ!

"ಒಬ್ಬನ ಅದೇನಿ. ಸಾಕೇನು?" ಅಂದ.

ಅಲ್ಲಿ ಮುದುಕರು ಹಾಗೇ ತುರುಬು ಕಟ್ಟುತ್ತಿದ್ದರು. ನನಗೆ ಯಾರು ಹೇಳಬೇಕು?

೨. ಬೆಳ್ಳಿ ಡಬ್ಬಿ

ಅಜ್ಜ ಯಾವ ಬಣ್ಣವನ್ನೂ ನಂಬುವವನಲ್ಲ. ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಹಸಿ ಅರಿವೆ. ನೂಲು ಇರಲಿ, ನನ್ನ ಅಂಗಿ ಇರಲಿ, ಬಣ್ಣ ಬಿಡುತ್ತದೇನು ಅಂತ ತಿಕ್ಕಿ ನೋಡುವವನೇ.

ಒಮ್ಮೆ ಬಣ್ಣದ ಪುಡಿ ತೂಗಿದಾಗ ಸ್ವಲ್ಪ ಕಡಿಮೆ ಬಂತು. ಅವನ ಕಣ್ಣು ನನ್ನ ಕೊರಳಿನ ಬೆಳ್ಳಿ ಡಬ್ಬಿಯ ಮೇಲೆ ಬಿತ್ತು.

"ಆ ಡಬ್ಬ್ಯಾಗ ಏನೈತಿ?"

"ದೇವರು."

"ತಗಿ, ನೋಡೂಣು."

ಲಿಂಗವನ್ನು ನಾವು ಹಾಗೆ ಯಾರಿಗೂ ತೋರಿಸುವುದಿಲ್ಲ. ಆದರೆ ಅನ್ನ ಹಾಕಿದವ. ತೆಗೆದೆ. ಅಜ್ಜ ಹೋಗಿ ಕೈ ತೊಳೆದು ಬಂದು ಕೈ ಮುಗಿದ. ಬಹಳ ಹೊತ್ತು ನೋಡಿದ.

"ಇಷ್ಟು ಛಲೋ ಕಪ್ಪು ಯಾರು ಹಾಕಿದ್ರು?" ಅಂದ.

ಕೈ ಮೆಲ್ಲಗೆ ಹಸಿ ಅರಿವೆಯ ಕಡೆ ಹೋಯಿತು. ನಾನು ಡಬ್ಬಿ ಮುಚ್ಚಿಬಿಟ್ಟೆ.

೩. ಕಾಗದ

ಮನೆಗೆ ಬರೆದೆ: "ಅಜ್ಜಾರು ದಿನಾ ತುರುಬು ಕಟ್ಟಿ, ಬಾಚಣಿಗಿ ಸಿಗಿಸಿಕೊಂಡು, ಕೈಯಾರೆ ಅನ್ನಾ ಮಾಡಿ ನನಗ ಹಾಕ್ತಾರು. ಕಾಳಜಿ ಬ್ಯಾಡ."

ಹೆಂಡತಿಗೆ ಓದು ಬಾರದು. ಓಣಿಯ ಮಾಸ್ತರರಿಂದ ಓದಿಸಿದಳು, ಅವರಿಂದಲೇ ಬರೆಸಿದಳು: "ಇಲ್ಲಿ ಎಲ್ಲಾರೂ ಆರಾಮ. ಆ ಅಜ್ಜಾರ ವಯಸ್ಸು ಎಷ್ಟು? ಸೀರಿ ಯಾವ ಬಣ್ಣದ್ದು?"

೪. ಒಂದು ಕೂದಲು

ಹೊರಡುವ ದಿನ ಅಜ್ಜ ತನ್ನ ಬಾಚಣಿಗೆ ತೆಗೆದು ಕೊಟ್ಟ.

"ಕೂದಲಾ ಉದರ್ಯಾವು, ಇದು ನಿಂದ್ರವಲ್ದು. ನಿನ್ನ ಹೆಂಡತಿಗೆ ಕೊಡು."

ಹಡಗಿನ ತನಕ ಬಂದ. ಮತ್ತೆ ಅವನನ್ನು ನೋಡಲಿಲ್ಲ.

ಬನಹಟ್ಟಿಯಲ್ಲಿ ಟ್ರಂಕು ಬಿಚ್ಚಿದವಳು ಹೆಂಡತಿ. ಬಾಚಣಿಗೆ ಸಿಕ್ಕಿತು. ಅದರಲ್ಲಿ ಉದ್ದನ್ನ ಒಂದು ಬಿಳಿ ಕೂದಲು. ಬಿಸಿಲಿಗೆ ಹಿಡಿದಳು.

"ಅಷ್ಟು ದೂರ ಹೋಗಿ ನಿಮಗ ಮುದುಕಿನ ಸಿಕ್ಳೇನ್ರಿ?"

ಲಿಂಗ ಮುಟ್ಟಿ ಹೇಳಿದೆ, ಅವ ಗಂಡಸು ಅಂತ. ಅಜ್ಜನ ಹಸಿ ಅರಿವೆಯ ಚಟ ನನಗೂ ಅಂಟಿತ್ತು. ನನ್ನ ಹೆಗಲ ಮೇಲಿನ ಅರಿವೆ ಎಳೆದು ನನ್ನ ಗಲ್ಲ ತಿಕ್ಕಿದಳು. ಅರಿವೆ ನೋಡಿದಳು.

"ಬಣ್ಣ ಬಿಡವಲ್ದು. ಆಕಿ ಭಾಳ ಪಕ್ಕಾ ಕಲಿಸ್ಯಾಳ."

ಆದರೂ ಹಬ್ಬ ಬಂದರೆ ಆ ಬಾಚಣಿಗೆ ಅವಳ ತುರುಬಿನಲ್ಲೇ. ಯಾರಾದರೂ ಕೇಳಿದರೆ, "ನಮ್ಮ ಸವತಿ ಕೊಟ್ಟಾಳ" ಅನ್ನುತ್ತಿದ್ದಳು.

೫. ಮೀಸೆ

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಏಳುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಒಂದು ಮುಂಜಾನೆ ನಾನು ಅವಳ ತಲೆ ಬಾಚುತ್ತಿದ್ದೆ. ಅದೇ ಬಾಚಣಿಗೆ.

"ಈಗರೆ ಖರೆ ಹೇಳ್ರಿ. ನಾ ಏನೂ ಅನ್ನೂದಿಲ್ಲ. ಅಜ್ಜನೋ, ಅಜ್ಜಿಯೋ?"

ಸಂಶಯ ಇಟ್ಟುಕೊಂಡು ಹೋಗಬಾರದು ಅನಿಸಿತು. ಏನು ಹೇಳಿದರೆ ನಂಬುತ್ತಾಳೆ? ಕುಂತು ವಿಚಾರ ಮಾಡಿದೆ. ಇಷ್ಟು ವರ್ಷ ಹೊಳೆಯದ ಮಾತು ಆಗ ಹೊಳೆಯಿತು.

"ಅಜ್ಜನ, ನಿನ್ನಾಣಿ. ಇಷ್ಟು ದೊಡ್ಡ ಮೀಸಿ ಇತ್ತು."

ಅವಳು ಬಾಚಣಿಗೆ ಇಸಿದುಕೊಂಡು ನೋಡಿದಳು. ನಂಬಿದಳು ಅಂದುಕೊಂಡೆ. ಆಮೇಲೆ ನನ್ನ ಕೈ ಹಿಡಿದಳು.

"ಮೀಸಿನೂ ಇತ್ತೇನ್ರಿ ಆಕಿಗೆ? ಪಾಪ!"