ಇಂಗ್ಲೆಂಡಿನ ಚೆಂಡಿಗೆ ನಾವುಂದದ ದರ

ಇಂಗ್ಲೆಂಡಿನ ಫುಟ್ಬಾಲನ್ನು ನಡೆಸುತ್ತಿರುವವರು ಯಾರು ಎಂದು ಯಾರನ್ನಾದರೂ ಕೇಳಿ ನೋಡಿ. ಯಾವುದೋ ದೊಡ್ಡ ಕಂಪೆನಿಯ ಹೆಸರನ್ನೋ, ಮರುಭೂಮಿಯ ಯಾವನೋ ಶ್ರೀಮಂತನ ಹೆಸರನ್ನೋ ಹೇಳಿಯಾರು. ಎಲ್ಲ ಸುಳ್ಳು! ಅದನ್ನು ನಡೆಸುತ್ತಿರುವುದು ನಾವುಂದದ ನಮ್ಮ ಚಿಕ್ಕಯ್ಯ. ಹೆದ್ದಾರಿಯಿಂದ ಪಡುವಣಕ್ಕೆ ಇಳಿದು ಎರಡು ತೆಂಗಿನ ಹಿತ್ತಲು ದಾಟಿದರೆ ಸಿಗುವ ಮನೆಯ ಚಾವಡಿಯಲ್ಲಿ, ಬೆತ್ತದ ಕುರ್ಚಿಯ ಮೇಲೆ ಕುಳಿತು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನಡೆಸುತ್ತಿದ್ದಾರೆ. ಈ ಸಂಗತಿ ಇಂಗ್ಲೆಂಡಿನವರಿಗೆ ಇನ್ನೂ ತಿಳಿದಿಲ್ಲ, ಅಷ್ಟೆ.

ನಾನು ತವರಿನ ಅಂಗಳದಲ್ಲೇ ಮನೆ ಕಟ್ಟಿಕೊಂಡವಳು. ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಚಿಕ್ಕಯ್ಯನ ಚಾವಡಿ. ಒಗ್ಗರಣೆ ಹಾಕುತ್ತಾ ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಇಲ್ಲಿ ಹೇಳುತ್ತಿದ್ದೇನೆ. ಒಂದೆರಡು ಕಡೆ ಉಪ್ಪು ತುಸು ಮುಂದಾದರೆ ಕ್ಷಮಿಸಬೇಕು.

ಚಿಕ್ಕಯ್ಯ ಮೂವತ್ತು ವರ್ಷ ಬಂದರಿನಲ್ಲಿ ಮೀನಿನ ಏಲಂ ಕೂಗಿದವರು. ಆ ಗಂಟಲು! ಅವರು ಬಂಗುಡೆಯ ದರ ಕೂಗಿದರೆ ಬೈಂದೂರು ಸ್ಟೇಷನ್ನಿನಲ್ಲಿ ಕುಳಿತವರು ರೈಲು ಬಂತೆಂದು ಚೀಲ ಎತ್ತಿಕೊಳ್ಳುತ್ತಿದ್ದರಂತೆ. ಆದರೆ ಮನೆಗೆ ಬಂದರೆ ಒಂದು ಮಾತಿಲ್ಲ. ಗಂಟಲು ನಾಳೆಯ ಏಲಕ್ಕೆ ಬೇಕಲ್ಲ! ಒಂದು ಬೆರಳು ಎತ್ತಿದರೆ ಚಹಾ, ಎರಡು ಎತ್ತಿದರೆ ಗಂಜಿ, ಅಂಗೈಯನ್ನು ಬಾಲದಂತೆ ಅಲುಗಿಸಿದರೆ ‘ಮೀನಿನ ಪದಾರ್ಥ ಉಂಟಾ?’ ಎಂದರ್ಥ. ಒಮ್ಮೆ ಬ್ರಹ್ಮಾವರದ ಕಡೆಯ ಹೊಸ ನೆಂಟರೊಬ್ಬರು ಬಂದವರು ಈ ಬೆರಳಾಟವನ್ನೆಲ್ಲ ನೋಡಿ, ಚಿಕ್ಕಮ್ಮನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದರು: “ಪಾಪ, ಅವ್ರ್ ಹುಟ್ಟಿದಾಗ್ಳಿಂದ ಹೀಂಗಾ?”

“ಇಲ್ಲೆ,” ಎಂದರು ಚಿಕ್ಕಮ್ಮ, “ಮದ್ವಿ ಆದ್ಮೇಲಿಂದ.”

ಏಲಂ ಬಿಟ್ಟ ಮೇಲಾದರೂ ಬಾಯಿ ಬಿಡುತ್ತಾರೆಂದು ನಾವು ಕಾದೆವು. ಎಲ್ಲಿಯ ಮಾತು! ಬೆರಳುಗಳಿಗೇ ಅಭ್ಯಾಸವಾಗಿ ಹೋಗಿತ್ತು. ಹಾಗಿರುವಾಗ ಒಂದು ಸಂಜೆ ಕ್ರಿಕೆಟ್ಟಿಗೆ ಮಳೆ ಬಂದು, ಚಿಕ್ಕಯ್ಯ ರಿಮೋಟ್ ಒತ್ತುತ್ತಾ ಹೋದವರು ಫುಟ್ಬಾಲಿನ ಚಾನೆಲ್ಲಿಗೆ ಬಂದು ನಿಂತರು. ಆಟ ನೋಡಿ ನಿಂತದ್ದಲ್ಲ. ಒಬ್ಬ ಆಟಗಾರನನ್ನು ಇಂತಿಷ್ಟು ಕೋಟಿಗೆ ಕೊಂಡುಕೊಂಡರೆಂದು ಕೆಳಗೆ ಅಕ್ಷರ ಓಡುತ್ತಿತ್ತು. ಚಿಕ್ಕಯ್ಯ ಎದ್ದು ನಿಂತರು.

“ಹ್ವಾಯ್, ಇಲ್ ಬಾ! ಕಂಡ್ಯಾ ದರ? ಇದ್ ಇಡೀ ಆಳಿಗಾ, ಬರೀ ಕಾಲಿಗಾ?”

ಚಿಕ್ಕಮ್ಮ ಕೈಯಲ್ಲಿದ್ದ ಸೌಟಿನೊಂದಿಗೇ ಓಡಿ ಬಂದರು. ದರ ನೋಡಲಲ್ಲ. ಯಾರು ಮಾತಾಡಿದ್ದೆಂದು ನೋಡಲು!

ಅಂದಿನಿಂದ ಶನಿವಾರ ಸಂಜೆಯೆಂದರೆ ಚಾವಡಿಯಲ್ಲಿ ಮಾತೋ ಮಾತು. ಚಿಕ್ಕಯ್ಯ ಕುರ್ಚಿಯಲ್ಲಿ, ಚಿಕ್ಕಮ್ಮ ಕೆಳಗೆ ಚಾಪೆಯಲ್ಲಿ ಮೊರ ಮುಂದಿಟ್ಟುಕೊಂಡು ನುಗ್ಗೆಸೊಪ್ಪು ಬಿಡಿಸುತ್ತಾ. ಕೆಂಪು ಅಂಗಿಯವರು ನಮ್ಮವರು, ಉಳಿದವರೆಲ್ಲ ಎದುರಿನವರು. ಚಿಕ್ಕಮ್ಮನದು ಪ್ರತಿ ಶನಿವಾರವೂ ಒಂದೇ ಪ್ರಶ್ನೆ: “ಗೋಲ್ ಹೊಡ್ದ್ನಲೆ! ಆಮೇಲೆ ಎಂತಕೆ ಬಾವುಟ ಎತ್ತಿದ? ಆ ಆಫ್‌ಸೈಡ್ ಅಂದ್ರೆ ಎಂತ?”

“ಎಷ್ಟ್ ಸಲ ಹೇಳುದ್ ಮಾರಾಯ್ತಿ! ಬಂದರಂಗೆ ಲಾರಿ ಸಾಲ್ ನಿಂತಿತ್ತ್ ಅಂದ್ಕೊ. ಹೆಸ್ರ್ ಕರೂಕ್ ಮುಂಚೆಯೇ ಒಬ್ಬ ಕಳ್ಳ ಸಾಲ್ ತಪ್ಪ್ಸಿ ಮುಂದ್ ಹೋಯಿ ನಿಂತ್ರೆ…” ಎಂದು ಶುರುವಾದರೆ, ಲಾರಿ, ಡ್ರೈವರು, ಐಸು, ಐಸಿನ ಮಾಲೀಕ, ಅವನ ಮಾವ ಎಲ್ಲರೂ ಬಂದು ಹೋಗಿ, ಆಚೆ ಇನ್ನೆರಡು ಗೋಲು ಆಗಿರುತ್ತಿತ್ತು. ಮುಂದಿನ ಶನಿವಾರ ಮತ್ತೆ ಅದೇ ಪ್ರಶ್ನೆ. ಚಿಕ್ಕಮ್ಮನ ತಲೆಗೆ ಇದೊಂದು ಹತ್ತುವುದೇ ಇಲ್ಲವಲ್ಲ ಎಂದು ನಾನೂ ನನ್ನ ಗಂಡನೂ ನಗುತ್ತಿದ್ದೆವು.

ಹೀಗೆ ತಣ್ಣಗೆ ಸಾಗುತ್ತಿದ್ದ ಸಂಸಾರಕ್ಕೆ ಕಡ್ಡಿ ಆಡಿಸಿದವರು ನನ್ನ ಗಂಡ. ಒಂದು ಬೆಳಿಗ್ಗೆ ಪೇಪರು ಹಿಡಿದುಕೊಂಡು ಹೋಗಿ, “ಮಾವಾ, ಈ ಆಟವನ್ನ್ ಟೀವಿಯಂಗೆ ತೋರ್ಸುಕೆ ಹಕ್ಕ್ ಅಂದೇಳಿ ಏಲಂ ಮಾಡ್ತ್ರಂಬ್ರ್. ಇಂಗ್ಲೆಂಡಿನ ಒಳ್ಗಿನ ಹಕ್ಕಿಂದ ಹೆಚ್ಚ್ ದುಡ್ಡ್ ಈಗ ಹೊರದೇಶದ ಹಕ್ಕಿಗೇ ಬತ್ತಂಬ್ರ್. ವರ್ಷ ಹೋದ್ಹಾಂಗೆ ಏರ್ತಾ ಇತ್ತಂಬ್ರ್,” ಎಂದರು.

ಏಲಂ! ಆ ಒಂದು ಪದ ಸಾಕಾಯಿತು. ಚಿಕ್ಕಯ್ಯನ ಕಣ್ಣಲ್ಲಿ ಬಂದರಿನ ಬೆಳಗು ಮೂಡಿತು.

“ಅದ್ರಂಗೆ ಆಶ್ಚರ್ಯ ಎಂತ ಇತ್ತಾ? ಊರ್ನವ್ರೇ ತೆಕಂಬುದಾದ್ರೆ ಬಂಗುಡಿಗೆ ಒಂದ್ ದರ. ಕೇರಳದ ಲಾರಿ ಬಂದ್ ನಿಂತ್ರೆ ಬೇರೆಯೇ ದರ. ಈಗ ಅಲ್ಲಿಗೆ ಕೇರಳದ ಲಾರಿ ಯಾರ್ ಹೇಳ್?”

“ಯಾರ್ ಮಾವಾ?”

“ನಾನ್!”

ಅಂದಿನಿಂದ ಚಿಕ್ಕಯ್ಯನ ಹೆಗಲ ಮೇಲೆ ಇಂಗ್ಲೆಂಡಿನ ಭಾರ ಬಿತ್ತು. ತಾವು ನೋಡದಿದ್ದರೆ ಅಲ್ಲಿ ದರ ಬಿದ್ದು, ಪಾಪ, ಆ ಕೆಂಪು ಅಂಗಿಯ ಹುಡುಗರ ಸಂಬಳಕ್ಕೆ ತೊಂದರೆಯಾದೀತೆಂಬ ಚಿಂತೆ. ಸಾಲಿಗ್ರಾಮದಲ್ಲಿ ಶನಿವಾರವೊಂದು ಮದುವೆ ಬಂತು. ಹೋಗದೆ ಇರುವಂತಿಲ್ಲ. ಚಿಕ್ಕಯ್ಯ ಟೀವಿ ಹಾಕಿ, ಎದುರಿಗೆ ಒಂದು ತುಂಡು ಒಣಮೀನಿಟ್ಟು ಬೆಕ್ಕನ್ನು ಕೂರಿಸಿ ಬಂದರು. “ಲೆಕ್ಕಕ್ಕೆ ಎರ್ಡ್ ಕಣ್ಣ್ ಇರ್ಲಿ,” ಎಂದರು ಬಸ್ಸಿನಲ್ಲಿ! ಇನ್ನೊಮ್ಮೆ ಆಟದ ನಡುವೆ ಕರೆಂಟು ಹೋದಾಗ ಲೈನ್‌ಮ್ಯಾನಿಗೆ ಫೋನು: “ಹ್ವಾಯ್, ಎಂತಕೆ ತೆಗ್ದ್ರಿ? ಇಂಗ್ಲೆಂಡಿಗೆ ನಷ್ಟ ಆತ್ತ್ ಮರ್ರೆ!” ಆತನೂ ನಮ್ಮೂರಿನವನೇ ಅಲ್ಲವೇ? “ಇಂಗ್ಲೆಂಡಿನ ಲೈನ್ ಬೇರೆ, ಮರ್ರೆ. ನಾ ತೆಗ್ದದ್ದ್ ನಾವುಂದದ್ದ್ ಮಾತ್ರ,” ಎಂದನಂತೆ.

ಆದರೆ ಏಲದಲ್ಲಿ ಏರಿದ ದರ ಕೊನೆಗೆ ಯಾರ ತಲೆಯ ಮೇಲೆ ಇಳಿಯುತ್ತದೆ? ಈ ವರ್ಷ ಆಟ ಶುರುವಾಗುವ ಹೊತ್ತಿಗೆ ಚಾನೆಲ್ಲಿನ ದರ ಏರಿತು. ನನ್ನ ಗಂಡ ಸುದ್ದಿ ತಂದರು. ಚಿಕ್ಕಯ್ಯನಿಗೆ ದುಡ್ಡಿನ ತೊಂದರೆಯೇನಿಲ್ಲ. ಆದರೆ ಮರ್ಯಾದೆಯ ಪ್ರಶ್ನೆ!

“ದರ ಏರ್ಸಿದ್ದೇ ನಾವ್. ನಮ್ಗೇ ಏರ್ಸ್ತ್ರಾ? ಬೆನ್ನ್ ತೋರ್ಸ್ತೆ!”

ಇದು ಬಂದರಿನ ಪದ್ಧತಿ. ಕೂಗಿದ ದರ ಮಿತಿಮೀರಿತೆನಿಸಿದರೆ ಮೀನು ಕೊಳ್ಳುವವರು ಜಗಳವಾಡುವುದಿಲ್ಲ. ಮೀನಿಗೆ ಬೆನ್ನು ಹಾಕಿ, ಸಾಲಾಗಿ ಹೋಟೆಲಿನಲ್ಲಿ ಕುಳಿತು ಚಹಾ ಕುಡಿಯುತ್ತಾರೆ. ಇತ್ತ ಐಸು ಕರಗುತ್ತದೆ. ಕೂಗುವವನೇ ಹಿಂದಿನಿಂದ ಬಂದು ದರ ಇಳಿಸಿ ಕರೆಯಬೇಕು. ಕರೆಯುವ ಮುಂಚೆ ತಾನಾಗಿ ತಿರುಗಿದವನು ಸೋತ ಹಾಗೆ. ಅಂಥವನಿಗೆ ಮರುದಿನ ಬಂದರಿನಲ್ಲಿ ಮರ್ಯಾದೆಯಿಲ್ಲ. ತಾನಾಗಿ ತಿರುಗಿದವನ ಮುಖವನ್ನು ಚಿಕ್ಕಯ್ಯ ಆಮೇಲೆ ಎಂದೂ ಸರಿಯಾಗಿ ನೋಡಿದವರಲ್ಲ.

ಆ ಶನಿವಾರ ಸಂಜೆ ಚಿಕ್ಕಯ್ಯ ಬೆತ್ತದ ಕುರ್ಚಿಯನ್ನು ಎತ್ತಿ ತಿರುಗಿಸಿ ಇಟ್ಟರು. ಬೆನ್ನು ಟೀವಿಗೆ, ಮುಖ ಅಡುಗೆಮನೆಯ ಬಾಗಿಲಿಗೆ. ಟೀವಿ ಹಾಕಿರಲಿಲ್ಲ ಎಂಬುದು ಬೇರೆ ಮಾತು! ಒಂದು ಬೆರಳು ಎತ್ತಿದರು. ಚಿಕ್ಕಮ್ಮ ಚಹಾ ತಂದುಕೊಟ್ಟರು. ಲೋಟ ಖಾಲಿಯಾಯಿತು. ಇಂಗ್ಲೆಂಡಿನಿಂದ ಯಾರೂ ಕರೆಯಲಿಲ್ಲ.

ಮುಂದಿನ ಶನಿವಾರವೂ ಕರೆಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಐಸು ಅಲ್ಲಿ ಕರಗುವ ಲಕ್ಷಣವೇ ಕಾಣಲಿಲ್ಲ, ಅದು ತಣ್ಣನೆಯ ದೇಶ ನೋಡಿ! ಇತ್ತ ಮನೆಯಲ್ಲಿ ಹಳೆಯ ಬೆರಳುಗಳು ಹಿಂದಿರುಗಿದವು. ಒಂದು ಬೆರಳು, ಎರಡು ಬೆರಳು, ಅಲುಗುವ ಅಂಗೈ. ಕಿಟಕಿಯಿಂದ ನೋಡಿದರೆ ನನಗೇ ನಗು ಬರುತ್ತಿರಲಿಲ್ಲ. ಕುಕ್ಕರು ಕೂಗಿದರೆ ಅಕ್ಕಪಕ್ಕದ ಎರಡು ಮನೆಗೂ ಅದೊಂದೇ ಮಾತು.

ಒಂದು ಮಧ್ಯಾಹ್ನ ನಾನು ಮೆಣಸು ಕೇಳಲು ಹೋದೆ. ಚಿಕ್ಕಯ್ಯ ತಿರುಗಿದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅಡುಗೆಮನೆಯ ಹಿಂದಿನ ಮೆಟ್ಟಿಲಲ್ಲಿ ಚಿಕ್ಕಮ್ಮ ಬಂಗುಡೆ ಕೊಯ್ಯುತ್ತಿದ್ದರು. ಎದುರಿಗೆ ಬೆಕ್ಕು, ಅದರಾಚೆ ನಮ್ಮ ಮನೆಯ ನಾಯಿ.

“ಇನ್ ನಿಮ್ಗೆ ಆಫ್‌ಸೈಡ್ ಹೇಳ್ಕೊಡುಕೆ ಯಾರಿದ್ರ್ ಚಿಕ್ಕಮ್ಮ?” ಎಂದೆ, ನಗಿಸಲೆಂದು.

ಚಿಕ್ಕಮ್ಮ ಒಂದು ಮೀನಿನ ತಲೆ ಎತ್ತಿ ಹಿಡಿದರು. “ಇಲ್ ಕಾಣ್ ಮಗಾ. ನಾ ತಲೆ ಎಸುಕ್ ಮುಂಚೆಯೇ ಬೆಕ್ಕ್ ಹೋಯಿ ಆ ನಾಯಿಯ ಹಿಂದ್ಗಡೆ ಕೂಕಂಡ್ರೆ ಅದ್ ಆಫ್‌ಸೈಡ್. ನಾ ಎಸ್ದ್ ಮೇಲೆ ನಾಯಿಯನ್ನ್ ದಾಟಿ ಓಡಿರೆ ತಪ್ಪಿಲ್ಲೆ. ಎಸು ಹೊತ್ತಿಗೆ ಎಲ್ಲಿತ್ತ್ ಅಂಬುದೇ ಲೆಕ್ಕ.” ಎಸೆದರು. ಬೆಕ್ಕು ನಾಯಿಯನ್ನು ದಾಟಿ ಓಡಿತು. “ಇದ್ ಗೋಲ್,” ಎಂದರು.

ನಾನು ಮೆಣಸು ಮರೆತೆ! “ಇಷ್ಟ್ ಲಾಯ್ಕ್ ಗೊತ್ತಿದ್ದೂ ಪ್ರತಿ ವಾರ ಕೇಳ್ತ್ರಿಯಲೆ?”

“ಕೇಳ್ದಿದ್ರೆ ಅವ್ರ್ ಮಾತಾಡ್ತ್ರಾ?” ಚಿಕ್ಕಮ್ಮ ತಲೆ ಎತ್ತಲಿಲ್ಲ. “ಆ ದನಿಯನ್ನ್ ಮೂವತ್ತ್ ವರ್ಷ ಊರೆಲ್ಲ ಕೇಳಿತ್. ನಂಗ್ ಸಿಕ್ಕದ್ದ್ ಆ ಶನಿವಾರದ್ದ್ ಮಾತ್ರ.”

ಒಳಗೆ ಬೆತ್ತದ ಕುರ್ಚಿ ಕಿರ್ರೆಂದಿತು. ಹಳೆಯ ಕುರ್ಚಿ, ಸುಮ್ಮನೆ ಕುಳಿತರೂ ಕಿರುಗುಟ್ಟುತ್ತದೆ. ನಾನು ಮೆಣಸು ತೆಗೆದುಕೊಂಡು ಮನೆಗೆ ಬಂದೆ.

ಆ ಶನಿವಾರ ಸಂಜೆ ನನ್ನ ಒಗ್ಗರಣೆ ಸೀದುಹೋಗುವಂಥ ಕೂಗು ಕೇಳಿಸಿತು. “ಹ್ವಾಯ್! ಬನ್ನಿ ಎಲ್ರೂ! ದರ ಇಳ್ಸಿರ್! ಬೆನ್ನ್ ತೋರ್ಸಿದ್ದಕ್ಕೆ ದಾರಿಗ್ ಬಂದ್ರ್ ಕಾಣಿ!”

ನನ್ನ ಗಂಡ ಕಿಟಕಿಯ ಪಕ್ಕ ನಿಂತು ಗೊಣಗಿದರು: “ಎಲ್ಲಿ ಇಳ್ದದ್ದ್? ಬೆಳಿಗ್ಗೆ ಮಾವ ನನ್ನ್ ಫೋನಂಗೇ ಪೂರ್ತಿ ಹೊಸ ದರ ಕಟ್ಸಿರ್. ಯಾರತ್ರೂ ಹೇಳ್ಬೇಡ ಅಂದ್ರ್.”

ನಾವು ಹೋಗುವಷ್ಟರಲ್ಲಿ ಕುರ್ಚಿ ಟೀವಿಯ ಕಡೆ ತಿರುಗಿತ್ತು. ಯಾರೂ ಕರೆಯದೆ, ತಾನಾಗಿ. ಕೆಂಪು ಅಂಗಿಯವರು ಗೋಲು ಹೊಡೆದರು, ಬಾವುಟ ಎದ್ದಿತು. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ, ಏನೂ ಅರಿಯದವರಂತೆ ಕೇಳಿದರು: “ಆ ಆಫ್‌ಸೈಡ್ ಅಂದ್ರೆ ಎಂತ?”

ಲಾರಿಗಳು ಬರುತ್ತವೆಂದು ನಾನು ಕಾಲು ಚಾಚಿ ಕುಳಿತೆ. ಚಿಕ್ಕಯ್ಯ ಗಂಟಲು ಸರಿಮಾಡಿಕೊಂಡರು. ಕಣ್ಣು ಟೀವಿಯಿಂದ ಆಚೀಚೆ ಆಗಲಿಲ್ಲ.

“ಒಂದ್ ಬೆಕ್ಕ್ ಇತ್ತ್ ಅಂದ್ಕೊ,” ಎಂದರು. “ಅದ್ರ್ ಎದ್ರಿಗೆ ಒಂದ್ ನಾಯಿ…”

ಸೊಪ್ಪಿನ ಮೇಲಿದ್ದ ಚಿಕ್ಕಮ್ಮನ ಕೈ ನಿಂತಿತು. ಅವರು ಚಿಕ್ಕಯ್ಯನ ಮುಖವನ್ನೇ ನೋಡುತ್ತಾ ಕಡೆಯ ತನಕ ಕೇಳಿದರು. ಆಮೇಲೆ ಮೊರವನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡರು.

“ಹಾಂಗಾ?” ಎಂದರು. “ನಂಗೆ ಗೊತ್ತೇ ಇರ್ಲಿಲ್ಲೆ ಕಾಣಿ.”