ಮಳೆಯಿಲ್ಲದ ಊರಿನ ಕೊಡೆ

ನಮ್ಮ ಸೋದರಮಾವ ಒಮ್ಮೆ ಇಪ್ಪತ್ತೆರಡು ಮಂದಿ ಸ್ಪೇನ್ ದೇಶದ ಹೆಂಗಸರನ್ನು ಹಾರಿಸಿಕೊಂಡು ಹೋದವರು. ಅದೂ ಹಾಡಹಗಲಲ್ಲಿ, ಅದೂ ವೆನಿಸ್ ನಗರದ ನಡುಬೀದಿಯಲ್ಲಿ, ಅದೂ ಅತ್ತೆಯ ಕಣ್ಣೆದುರಿಗೇ! ನೀವು ನಂಬುವುದಿಲ್ಲ. ಮಾವನನ್ನು ನೋಡಿದವರಂತೂ ಖಂಡಿತ ನಂಬುವುದಿಲ್ಲ. ಆದರೆ ನಾನು ಹಿಂದೆಯೇ ಇದ್ದೆ, ಎಣಿಸಿದ್ದೇನೆ. ಎಣಿಸುವುದು, ಎಣಿಸಿದ್ದನ್ನು ಅಂದೇ ಡೈರಿಯಲ್ಲಿ ಬರೆದಿಡುವುದು ನನ್ನ ಚಟ.

ಇಷ್ಟಕ್ಕೆಲ್ಲ ಕಾರಣ ಒಂದು ಕೊಡೆ.

ಕುವೈತಿನಲ್ಲಿ ಮಳೆಯೇ ಬರುವುದಿಲ್ಲ ಎನ್ನುವಂತಿಲ್ಲ. ಚಳಿಗಾಲದಲ್ಲಿ ನಾಲ್ಕಾರು ದಿನ ಬರುತ್ತದೆ. ಬಂದರೆ ಶಾಲೆಗೆ ರಜೆ, ರಸ್ತೆಯೆಲ್ಲ ಕೆರೆ. ಉಳಿದಂತೆ ವರ್ಷವಿಡೀ ಆಕಾಶ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದೆ ಬಿದ್ದಿರುತ್ತದೆ. ಅಂಥ ಊರಿನಲ್ಲಿ ಮಾವ ಮೂವತ್ತು ವರ್ಷ ಮೊಣಕೈಗೆ ಉದ್ದದ ಕಪ್ಪು ಕೊಡೆ ಸಿಕ್ಕಿಸಿಕೊಂಡೇ ತಿರುಗಿದರು. ಮೊದಲ ಸಲ ಪರದೇಶಕ್ಕೆ ಹೊರಟಾಗ ಅವರ ತಾಯಿ ಚೀಲಕ್ಕೆ ತುರುಕಿದ ಕೊಡೆ ಅದು. ಬಟ್ಟೆ ಮೂರು ಸಲ, ಕಡ್ಡಿ ಎರಡು ಸಲ, ಹಿಡಿ ಒಂದು ಸಲ ಬದಲಾಗಿದೆ. ಅಷ್ಟು ಬಿಟ್ಟರೆ ಅದೇ ಕೊಡೆ!

ಮಾವನಿಗೆ ಕೆಲಸ ಶುಐಬಾದಲ್ಲಿ, ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ಕಾರ್ಖಾನೆಯ ಗೇಟಿಗೆ ಹೊಸ ಕಾವಲುಗಾರ ಬಂದಾಗಲೆಲ್ಲ ಒಂದು ನಾಟಕ ನಡೆಯುತ್ತಿತ್ತಂತೆ.

"ಇದೇನು?"

"ಕೊಡೆ."

"ಮತರ್ ಮಾಫಿ!" ಎಂದು ಅವನು ಆಕಾಶ ತೋರಿಸುವುದು. ಮಳೆಯೇ ಇಲ್ಲವಲ್ಲ!

"ಮತರ್ ಮಾಫಿ, ಮುಷ್ಕಿಲ್ ಮಾಫಿ," ಎಂದು ಮಾವ ಒಳಗೆ ಹೋಗುವುದು. ಮಳೆಯೂ ಇಲ್ಲ, ತೊಂದರೆಯೂ ಇಲ್ಲ!

ಬಿಸಿಲಿಗೆ ಇರಬಹುದು ಅಂದಿರಾ? ಬಿಸಿಲಿಗೆ ಅವರು ಅದನ್ನು ಬಿಡಿಸಿದ್ದನ್ನು ಕಂಡವರಿಲ್ಲ. ನಾಯಿ ಓಡಿಸಲಿಕ್ಕೋ? ನಾವಿದ್ದ ಫಹಾಹೀಲಿನ ಬೀದಿಯಲ್ಲಿ ಇದ್ದದ್ದು ಬೆಕ್ಕುಗಳು, ಅವಕ್ಕೂ ಮಾವನಿಗೂ ಗಾಢ ಸ್ನೇಹ. ಇನ್ನು ಮಳೆಗೆ? ಕೇಳಿ. ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ನಿಜವಾಗಿಯೂ ಮಳೆ ಸುರಿಯಿತು. ನಾನು ಕುಣಿದಾಡಿಬಿಟ್ಟೆ, ಇವತ್ತಾದರೂ ಕೊಡೆ ಅರಳುತ್ತದಲ್ಲ! ಮಾವ ಅದನ್ನು ಅಂಗಿಯ ಒಳಗೆ ತೂರಿಸಿಕೊಂಡು ಓಟ ಕಿತ್ತರು.

"ಮಾವ, ಕೊಡೆ! ಕೊಡೆ ಬಿಡಿಸಿ!"

"ಅದಕ್ಕೇ ಓಡ್ತಾ ಇರುವುದು ಮಾರಾಯ್ತಿ! ಕೊಡೆ ನೆನೆದರೆ ತುಕ್ಕು ಹಿಡೀತದೆ!"

ಡೈರಿಯಲ್ಲಿ ಒಂದು ಖಾನೆ ತೆರೆದದ್ದು ಅಂದೇ: 'ಮಾವ ಮಳೆಗೆ ಕೊಡೆ ಬಿಡಿಸಿದ್ದು.' ಅದರ ಮುಂದೆ ಸೊನ್ನೆ ಹಾಕಿದೆ. ಪ್ರತಿ ವರ್ಷ ಹೊಸ ಡೈರಿಗೆ ಸೊನ್ನೆಯನ್ನೂ ವರ್ಗಾಯಿಸುತ್ತ ಬಂದೆ.

ಕೊಡೆಗೆ ಒಂದೇ ಒಂದು ಉಪಯೋಗ ಇದ್ದದ್ದು ಶುಕ್ರವಾರದ ಸಂತೆಯಲ್ಲಿ. ಅಪ್ಪ ಅಮ್ಮ ಇಬ್ಬರಿಗೂ ಆಫೀಸು; ನಾನು ಬೆಳೆದದ್ದು ಒಂದು ಮಹಡಿ ಕೆಳಗಿದ್ದ ಅತ್ತೆ ಮಾವನ ಮನೆಯಲ್ಲಿ. ಸಂತೆಯ ನೂಕುನುಗ್ಗಲಿನಲ್ಲಿ ಮಾವ ಮಡಚಿದ ಕೊಡೆಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದು ಮುಂದೆ ಹೋಗುವರು, ನಾನು ಹಿಂದೆ. "ತಪ್ಪಿಸಿಕೊಂಡರೆ ನಿಂತಲ್ಲಿಂದ ಕದಲಬೇಡ. ಕೊಡೆ ಕಾಣುವವರೆಗೆ ಅಲ್ಲೇ ನಿಲ್ಲು. ತಿಳೀತಾ?" "ಓಕೆ, ಐ ನೋ," ಎಂದರೆ ಕೊಡೆಯ ತುದಿಯಿಂದ ನೆಲಕ್ಕೆ ಟಕ್ ಎಂದು ಕುಟ್ಟುವರು. "ಕನ್ನಡದಲ್ಲಿ ಹೇಳು. ಇಂಗ್ಲಿಷ್ ನನಗೆ ಕಂಪೆನಿಯಲ್ಲಿ ಬೇಕಾದಷ್ಟು ಸಿಗ್ತದೆ." ಈ ಪ್ರಬಂಧ ಕನ್ನಡದಲ್ಲಿ ಇರುವುದಕ್ಕೂ ಆ ಟಕ್ ಶಬ್ದವೇ ಕಾರಣ.

ಕಳೆದ ವರ್ಷ ಮಾವನ ನೌಕರಿ ಮುಗಿಯುವ ದಿನ ಗೊತ್ತಾಯಿತು. ಇಲ್ಲಿ ನೌಕರಿ ಮುಗಿದರೆ ವಾಸದ ಪರವಾನಗಿ, ಅಂದರೆ ಇಕಾಮಾ ಕೂಡ ಮುಗಿದಂತೆ. ಸಾಮಾನು ಕಟ್ಟಬೇಕು, ಊರಿಗೆ ಹೋಗಬೇಕು. ಮತ್ತೆ ಬರುವ ಮಾತಿಲ್ಲ. ಅತ್ತೆ ಒಂದು ಷರತ್ತು ಹಾಕಿದರು.

"ಇಷ್ಟು ವರ್ಷ ಮರಳು ನೋಡಿದ್ದಾಯಿತು. ಹೋಗುವ ಮೊದಲು ಒಮ್ಮೆ ನೀರಿನ ಊರು ತೋರಿಸಿ. ಆ ವೆನಿಸ್."

"ನೀರು ಊರಿನ ಬಾವಿಯಲ್ಲೇ ಉಂಟಲ್ಲ?"

"ಬಾವಿಯಲ್ಲಿ ದೋಣಿ ಬಿಡ್ಲಿಕ್ಕೆ ಆಗ್ತದಾ?"

ಮಾವ ನನ್ನ ಕಡೆ ತಿರುಗಿ ಗುಟ್ಟಿನಲ್ಲಿ ಕೇಳಿದರು: "ಅಲ್ಲಿಗೆ ರೈಲು ಉಂಟಾ?" ಮಿಲಾನಿನಿಂದ ಬೆಳಿಗ್ಗೆ ರೈಲಿನಲ್ಲಿ ಕರೆದುಕೊಂಡು ಹೋಗಿ, ಗೈಡ್ ಒಬ್ಬಳು ಊರು ತೋರಿಸಿ, ಸಂಜೆ ವಾಪಸು ತರುವ ಪ್ರವಾಸ ಉಂಟು ಎಂದೆ. ಅಷ್ಟೇ ಸಾಕಾಯಿತು! ಕುವೈತಿನಲ್ಲಿ ಎಲ್ಲ ಉಂಟು, ರೈಲು ಮಾತ್ರ ಇಲ್ಲ. ಊರಿಗೆ ಹೋದರೂ ವಿಮಾನದಲ್ಲೇ ಹೋಗಿ ವಿಮಾನದಲ್ಲೇ ಬರುವ ಮಾವ ಎಷ್ಟೋ ವರ್ಷಗಳಿಂದ ರೈಲು ಹತ್ತಿರಲಿಲ್ಲ. ಇಲ್ಲೇ ಹುಟ್ಟಿದ ನಾನಂತೂ ಹತ್ತಿಯೇ ಇರಲಿಲ್ಲ. ನನ್ನನ್ನು ಕರೆದುಕೊಂಡದ್ದು ಟಿಕೇಟು, ಫೋನು ನೋಡಿಕೊಳ್ಳಲಿ ಎಂದು. ನಾನು ಹೊರಟದ್ದು ಬೇರೆ ಕಾರಣಕ್ಕೆ: ಆ ಕೊಡೆಯ ಹಿಂದೆ ನಡೆಯಲು ನನಗೆ ಇನ್ನು ಉಳಿದದ್ದು ಅದೊಂದೇ ಸಂತೆ.

ಆ ದಿನದ ಡೈರಿಯ ಮೊದಲ ಸಾಲು: 'ರೈಲು ಏಳೂವರೆಗೆ. ಮಾವ ಐದಕ್ಕೆ.' ಮಿಲಾನಿನ ನಿಲ್ದಾಣದಲ್ಲಿ ಮಾವ ಪ್ರತಿ ಬೋಗಿಯ ಬಾಗಿಲನ್ನೂ ಸವರಿ ನೋಡಿದರು. ಪ್ರಯಾಣಿಕರ ಹೆಸರಿನ ಪಟ್ಟಿ ಎಲ್ಲಿ ಅಂಟಿಸಿದ್ದಾರೆ ಎಂದು ಹುಡುಕಾಟ! ಹೆಸರು ಫೋನಿನಲ್ಲಿ ಉಂಟು ಎಂದರೆ ಒಪ್ಪಲಿಲ್ಲ. "ಫೋನಿಗೆ ಗೊತ್ತಿದ್ದರೆ ಆಯಿತಾ? ರೈಲಿಗೆ ಗೊತ್ತಿರಬೇಡವಾ?"

ರೈಲು ಹೊರಟಿತು. ಹೊರಟದ್ದು ಗೊತ್ತೇ ಆಗಲಿಲ್ಲ. ಮಾವನ ಮುಖ ಬಾಡಿತು.

"ಕಿಟಕಿ ತೆಗೀಲಿಕ್ಕೆ ಇಲ್ಲ, ಚಾ ಮಾರುವವ ಇಲ್ಲ, ಗಡಗಡ ಇಲ್ಲ. ಇದು ರೈಲಲ್ಲ ಮಾರಾಯ್ತಿ, ರೆಕ್ಕೆ ಕತ್ತರಿಸಿದ ವಿಮಾನ!"

ಕೊನೆಗೆ ರೈಲನ್ನು ರೈಲಾಗಿಸುವ ಹೊಣೆ ತಾವೇ ಹೊತ್ತರು. ಅತ್ತೆ ಫಹಾಹೀಲಿನಿಂದ ತಂದ ಖಾರ ಅವಲಕ್ಕಿಯ ಸ್ಟೀಲ್ ಡಬ್ಬಿ ತೆರೆದು, ಎದುರಿಗಿದ್ದ ಕೋಟುಧಾರಿಯ ಮೂಗಿನ ಕೆಳಗೆ ಹಿಡಿದರು. ಅವನು ಒಮ್ಮೆ ಬೇಡ ಅಂದ, ಎರಡನೆಯ ಸಲ ಬೇಡ ಅಂದ. ಮೂರನೆಯ ಸಲ ಭಯಕ್ಕೋ ಏನೋ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆಮೇಲೆ ತಾನಾಗಿಯೇ ಕೈ ಚಾಚಿದ! ಮಾವ ಸೀಟಿಗೆ ಒರಗಿದರು. "ಹಾಂ. ಈಗ ಇದು ರೈಲು."

ಕೊನೆಗೆ ಎರಡೂ ಬದಿಗೆ ಸಮುದ್ರ, ನಡುವೆ ಉದ್ದದ ಸೇತುವೆ, ಅದರಾಚೆ ವೆನಿಸ್. ನಿಲ್ದಾಣದ ಮೆಟ್ಟಿಲಿಳಿದರೆ ರಸ್ತೆ ಇರಬೇಕಾದಲ್ಲಿ ಹಸಿರು ನೀರು. ಅತ್ತೆ "ಅಯ್ಯೋ ದೇವರೇ" ಎಂದು ಕೆನ್ನೆಗೆ ಕೈ ಹಚ್ಚಿದವರು ತೆಗೆಯಲೇ ಇಲ್ಲ. ಆದರೆ ಮಾವ ನೋಡುತ್ತಿದ್ದದ್ದು ನೀರನ್ನಲ್ಲ. ನಮ್ಮ ಗೈಡ್ ಹುಡುಗಿ ಚೀಲದಿಂದ ಹಳದಿ ಕೊಡೆಯೊಂದನ್ನು ತೆಗೆದು, ಮಡಚಿದ್ದನ್ನು ಮಡಚಿದ ಹಾಗೆಯೇ ತಲೆಯ ಮೇಲೆ ಎತ್ತಿ, "ಎಲ್ಲರೂ ಇದನ್ನು ನೋಡಿಕೊಂಡು ಬನ್ನಿ, ಯಾರೂ ಕಳೆದುಹೋಗಬಾರದು," ಎಂದಳು.

ಮಾವ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬರೆದುಕೋ! ಮಳೆ ಇಲ್ಲ. ಬಿಸಿಲು ಉಂಟು. ಕೊಡೆ ಮಡಚಿಯೇ ಉಂಟು. ಈಗ ಹೇಳು, ಮರ್ಲು ಯಾರಿಗೆ? ನಾನೊಬ್ಬನೇ ಹುಚ್ಚನಾ?"

ಅತ್ತೆ ಹೇಳಿದರು: "ಅವಳಿಗೆ ಅದಕ್ಕೆ ಸಂಬಳ ಉಂಟು."

ಸಂಬಳ ಇಲ್ಲದಿದ್ದರೇನು? ಮಾವ ತಮ್ಮ ಕಪ್ಪು ಕೊಡೆಯನ್ನೂ ಎತ್ತಿ ಹಿಡಿದರು. ಎಡವಟ್ಟಾದದ್ದು ಅಲ್ಲಿಯೇ. ಒಂದು ಸೇತುವೆಯ ಮೇಲೆ ಗೈಡ್ ಇತಿಹಾಸ ಹೇಳುತ್ತಿದ್ದಾಗ ಕೆಳಗೊಂದು ಸರಕಿನ ದೋಣಿ ಹಾದುಹೋಯಿತು. ಅದರಲ್ಲಿ ಟೊಮೆಟೊ, ಸಿಮೆಂಟು, ಒಂದು ವಾಷಿಂಗ್ ಮಷೀನು. ಮೂವತ್ತು ವರ್ಷ ಸ್ಟೋರು ಕಾದ ಮನುಷ್ಯನಿಗೆ ಇತಿಹಾಸ ಕಿವಿಗೆ ಬಿದ್ದೀತೇ? "ಅರೆ! ಲಾರಿ ಇಲ್ಲದೆ ಇವರು ಇಳಿಸುವುದು ಹೇಗೆ ನೋಡುವ!" ಎಂದು ದೋಣಿಯ ಹಿಂದೆ ಗಲ್ಲಿಗೆ ನುಗ್ಗಿದರು. ಅವರ ಹಿಂದೆ ಅತ್ತೆ, ನಾನು. ನಮ್ಮ ಹಿಂದೆ...

ನಮ್ಮ ಹಿಂದೆ ಅವರು. ಎಲ್ಲರಿಗೂ ಒಂದೇ ತರಹದ ಬಿಳಿ ಟೋಪಿ, ಎಲ್ಲರೂ ಅರುವತ್ತು ದಾಟಿದವರು. ಸ್ಪೇನಿನ ಯಾವುದೋ ಊರಿನ ಮಹಿಳಾ ಮಂಡಲ. ಅವರ ಗೈಡಿನದ್ದೂ ಕಪ್ಪು ಕೊಡೆಯಂತೆ! ಮಾವ ಬೇಗ ನಡೆದರೆ ಅವರೂ ಬೇಗ, ಮಾವ ನಿಂತರೆ ಅವರೂ ನಿಂತರು. ಮಾವ ತಲೆ ಕೆರೆದುಕೊಳ್ಳುತ್ತ ಗಾರೆ ಉದುರಿದ ಗೋಡೆಯೊಂದನ್ನು ನೋಡಿದರು. ಇಪ್ಪತ್ತೆರಡು ಮಂದಿಯೂ ಆ ಗೋಡೆಯ ಫೋಟೋ ತೆಗೆದರು!

"ಇವರಿಗೆ ಯಾರಾದರೂ ಹೇಳಿ," ಅತ್ತೆ ಹಣೆ ಚಚ್ಚಿಕೊಂಡರು. "ಕೊಡೆ ಹಿಡಿದ ಈ ಜನಕ್ಕೇ ದಾರಿ ಗೊತ್ತಿಲ್ಲ ಅಂತ."

ಮಾವ ಗಾಬರಿಯಿಂದ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಮತ್ತೆ ಎಡಕ್ಕೆ. ಗಲ್ಲಿ ನೇರ ನೀರಿನೊಳಗೆ ಇಳಿದು ಮುಗಿಯಿತು. ಹಿಂದೆ ನೋಡಿದರೆ ಇಪ್ಪತ್ತೆರಡು ಟೋಪಿಗಳು ವಿವರಣೆಗೆ ಕಾಯುತ್ತಿವೆ. ಮಾವ ಗಂಟಲು ಸರಿಮಾಡಿಕೊಂಡು, ಕೊಡೆಯಿಂದ ಕಾಲುವೆಯನ್ನು ತೋರಿಸಿ, ಕುವೈತಿನಲ್ಲಿ ಎಲ್ಲ ಕೆಲಸ ಮುಗಿದಾಗ ಹೇಳುವ ಮಾತನ್ನು ಗಂಭೀರವಾಗಿ ಹೇಳಿದರು:

"ಖಲಾಸ್!"

"ಖಲಾ...ಸ್," ಎಂದು ಅವರೆಲ್ಲ ಭಕ್ತಿಯಿಂದ ಪುನರುಚ್ಚರಿಸಿದರು. ಒಬ್ಬಾಕೆ ಬರೆದುಕೊಂಡರು ಕೂಡ. ಸ್ಪೇನಿನ ಯಾವುದೋ ಮನೆಯ ಆಲ್ಬಮಿನಲ್ಲಿ ಆ ಕಾಲುವೆಯ ಹೆಸರು ಇಂದಿಗೂ ಖಲಾಸ್ ಎಂದೇ ಇದೆ!

ಅಷ್ಟರಲ್ಲಿ ಅವರ ನಿಜವಾದ ಗೈಡ್ ಏದುಸಿರು ಬಿಡುತ್ತ ಬಂದ. ಎರಡು ಕಪ್ಪು ಕೊಡೆಗಳು ಎದುರುಬದುರಾದವು. ಮಾವ ಸಹೋದ್ಯೋಗಿಗೆ ಮಾಡುವಂತೆ ತಲೆ ಬಾಗಿಸಿದರು. ಅವನು ಬಾಗಿಸಲಿಲ್ಲ.

ನಮ್ಮ ಗುಂಪು ಸಂಜೆ ಸೇರಬೇಕಾದದ್ದು ರೈಲು ನಿಲ್ದಾಣದ ಮೆಟ್ಟಿಲಲ್ಲಿ. ಫೋನಿನ ನಕ್ಷೆ ನೋಡಿ ನಿಲ್ದಾಣದ ಎದುರಿನ ದೊಡ್ಡ ಸೇತುವೆ ತಲುಪುವ ಹೊತ್ತಿಗೆ ಆಕಾಶ ಕಪ್ಪಾಗಿ, ಒಮ್ಮೆಲೇ ಮಳೆ ಸುರಿಯಿತು. ಜನ ಓಡಿದರು, ನೂರಾರು ಕೊಡೆಗಳು ಬಿಚ್ಚಿಕೊಂಡವು. ನಾನು ಪಕ್ಕಕ್ಕೆ ನೋಡಿದೆ. ಅತ್ತೆ ಇಲ್ಲ! ಅತ್ತೆಯ ಫೋನಿಗೆ ಆ ದೇಶದಲ್ಲಿ ಜೀವವಿರಲಿಲ್ಲ. ರೈಲಿಗೆ ಉಳಿದದ್ದು ಇಪ್ಪತ್ತು ನಿಮಿಷ.

"ಮಾವ, ನಾನು ಆ ಕಡೆ ಹುಡುಕ್ತೇನೆ, ನೀವು ಈ ಕಡೆ..."

"ಕದಲಬೇಡ," ಎಂದರು ಮಾವ. ಅಂಥ ದನಿ ನಾನು ಕೇಳಿರಲಿಲ್ಲ. ಅವರು ಸೇತುವೆಯ ನೆತ್ತಿಗೆ ಹತ್ತಿ, ನಟ್ಟನಡುವೆ ನಿಂತು, ಕೊಡೆಯನ್ನು ಎತ್ತಿ ಹಿಡಿದರು. ಮಡಚಿದ ಕೊಡೆ! ಮಳೆ ಅವರ ತಲೆಯಿಂದ ಕಿವಿಗೆ, ಕಿವಿಯಿಂದ ಕಾಲರಿಗೆ ಇಳಿಯುತ್ತಿತ್ತು.

"ಮಾವ, ಬಿಡಿಸಿ! ಪೂರ್ತಿ ಒದ್ದೆ ಆಗ್ತಿದ್ದೀರಿ!"

"ಬಿಡಿಸಿದರೆ ಅವಳಿಗೆ ಗುರುತು ಸಿಗುವುದು ಹೇಗೆ? ನೋಡು, ಎಲ್ಲರದ್ದೂ ಬಿಡಿಸಿದ್ದೇ."

ನೋಡಿದೆ. ಹೌದು. ಅಷ್ಟು ದೊಡ್ಡ ಸೇತುವೆಯ ಮೇಲೆ ಮುಚ್ಚಿದ ಕೊಡೆ ಅದೊಂದೇ. ಅವರು ಎತ್ತಿದ ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟರು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಕೊನೆಗೆ ಕೆಳಗಿನ ಜನರ ನಡುವಿನಿಂದ ಅತ್ತೆ ಬಂದರು, ಒಂದು ಚೂರೂ ಗಡಿಬಿಡಿಯಿಲ್ಲದೆ, ಕೈಯಲ್ಲಿ ಗಾಜಿನ ಮಣಿಸರದ ಪೊಟ್ಟಣ ಹಿಡಿದುಕೊಂಡು.

"ಎಂತ, ಇಲ್ಲಿಯೇ ಸ್ನಾನ ಮುಗಿಸಿದಿರಾ?"

"ಎಲ್ಲಿ ಹೋಗಿದ್ದೆ ನೀನು?"

"ಎಲ್ಲಿಗೂ ಇಲ್ಲ. ಅಂಗಡಿಯಿಂದ ತಿರುಗಿ ನೋಡಿದರೆ ನೀವಿಲ್ಲ. ಕೊಡೆ ಕಾಣುವವರೆಗೆ ಅಲ್ಲೇ ನಿಂತಿದ್ದೆ."

ಓಡಿದೆವು. ರೈಲು ಸಿಕ್ಕಿತು. ಮಾವ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಅತ್ತೆ ಶಾಲಿನ ತುದಿಯಿಂದ ಅವರ ತಲೆ ಒರೆಸುತ್ತ ನನ್ನ ಹತ್ತಿರ ಹೇಳಿದರು:

"ಮದುವೆಯಾಗಿ ಹದಿನೆಂಟು ದಿವಸಕ್ಕೆ ಇವರ ರಜೆ ಮುಗೀತು. ನನಗೆ ವೀಸಾ ಬರುವಾಗ ವರ್ಷ ದಾಟಿತ್ತು. ಅಷ್ಟರಲ್ಲಿ ನನಗೆ ಇವರ ಮುಖವೇ ಮರೆತುಹೋಗಿತ್ತು ಮಾರಾಯ್ತಿ!"

"ಮದುವೆಯ ಫೋಟೋ?"

"ಒಂದರಲ್ಲಿಯೂ ಕಣ್ಣು ಬಿಟ್ಟಿಲ್ಲ. ಮೀಸೆ ಮಾತ್ರ ನೆನಪಿತ್ತು. ಕುವೈತಿನಲ್ಲಿ ಇಳಿದು ನೋಡಿದರೆ ಎಲ್ಲರಿಗೂ ಮೀಸೆ! ಬೇರೆ ಯಾರ ಜೊತೆಗೋ ಹೋಗಿಬಿಟ್ಟರೆ? ಹೊರಡುವ ಮೊದಲು ಪಕ್ಕದ ಮನೆಯ ಫೋನಿನಲ್ಲಿ ಅಳುತ್ತ ಹೇಳಿದೆ. ಆಗ ಇವರು ಹೇಳಿದ್ದು: 'ಕೊಡೆ ಎತ್ತಿ ನಿಂತಿರ್ತೇನೆ. ಈ ಊರಲ್ಲಿ ಬೇರೆ ಯಾರ ಹತ್ತಿರವೂ ಕೊಡೆ ಇರುವುದಿಲ್ಲ. ಕಾಣುವವರೆಗೆ ನಿಂತಲ್ಲಿಂದ ಕದಲಬೇಡ.'"

"ಆಮೇಲೆ?"

"ಆಮೇಲೆ ಇಳಿಸಿಯೇ ಇಲ್ಲ. ಸಾಕು ಬಿಡಿ, ಈಗ ಮುಖ ಗೊತ್ತಾಗಿದೆ ಅಂದರೂ ಕೇಳುವುದಿಲ್ಲ."

ಮಾವ ಕಣ್ಣು ತೆರೆಯದೆ ಹೇಳಿದರು: "ನಿನಗೆ ಗೊತ್ತಾಗಿದೆ. ನನಗೆ ಧೈರ್ಯ ಬೇಡವಾ?"

ಹೋದ ತಿಂಗಳು ಅವರನ್ನು ಕುವೈತಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆವು. ಮಾವ ಪೆಟ್ಟಿಗೆಯ ಭಾರದ ಬಗ್ಗೆ ಅತ್ತೆಯ ಜೊತೆ ಜಗಳವಾಡಿ, "ಯಲ್ಲಾ, ಹೊರಡುವ," ಎಂದು ಕುವೈತಿನ ಮಾತಿನಲ್ಲೇ ಅವಸರಿಸಿ ಒಳಗೆ ಹೋಗಿಬಿಟ್ಟರು. ರಜೆಯ ದಿನಗಳು, ಸಾಲು ತುಂಬ ಜನ. ಗಾಜಿನಾಚೆ ಎಷ್ಟು ಇಣುಕಿದರೂ ಬೆನ್ನುಗಳೇ. ಅಪ್ಪ ಅಮ್ಮ ಕಾರಿನ ಕಡೆ ನಡೆದರು. ನಾನೂ ತಿರುಗಬೇಕೆಂದಿದ್ದೆ.

ಆಗ ಅಷ್ಟೂ ತಲೆಗಳ ಮೇಲೆ, ನೆಟ್ಟಗೆ, ಆ ಕಪ್ಪು ಕೊಡೆ ಎದ್ದಿತು.

ಸಾಲು ಮುಂದೆ ಸರಿದ ಹಾಗೆ ಅದೂ ಸರಿಯಿತು. ನಿಂತಾಗ ನಿಂತಿತು. ಸಂತೆಯಲ್ಲಿ, ಗಲ್ಲಿಯಲ್ಲಿ, ಸೇತುವೆಯ ಮೇಲೆ ಅದರ ಹಿಂದೆ ಹೋದವಳು ನಾನು. ಅಂದು ಮಾತ್ರ ಹೋಗುವ ಹಾಗಿರಲಿಲ್ಲ. ತಿರುವಿನಲ್ಲಿ ಅದು ಒಂದು ಗಳಿಗೆ ಹೆಚ್ಚೇ ನಿಂತಿತು. ಆಮೇಲೆ ಕಾಣಲಿಲ್ಲ.

"ಯಲ್ಲಾ, ಬಾ," ಎಂದು ಅಪ್ಪ ಕರೆದರು. ಎರಡು ಸಲ ಕರೆದರು. ನಾನು ನಿಂತಲ್ಲಿಂದ ಕದಲಲಿಲ್ಲ. ಕೊಡೆ ಕಾಣುವವರೆಗೆ ಕದಲಬಾರದು ಎಂದಲ್ಲವೇ ಅವರು ನನಗೆ ಹೇಳಿಕೊಟ್ಟದ್ದು?