ಯಾವ ನಮೂನೆ ಎಂದು ಹೇಳದ ತಪ್ಪಿಗೆ

ಬಾಯಿಬಿಟ್ಟು ಹೇಳುವುದೆಂದರೆ ನನಗೆ ಮೊದಲಿನಿಂದಲೂ ಬೇಸರ. ಹೋಟೆಲಿನಲ್ಲಿ ಕುಳಿತು ಒಂದು ಬೆರಳು ಎತ್ತುತ್ತೇನೆ. ಅದು ಚಹಾ ಎಂದು ಅವರಿಗೆ ತಿಳಿಯಬೇಕು. ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ಬಸ್ಸಿನಲ್ಲಿ ನೋಟು ಚಾಚಿ ಸುಮ್ಮನೆ ಕಿಟಕಿಯಾಚೆ ನೋಡುತ್ತೇನೆ. ದಿನಾ ಎಲ್ಲಿ ಇಳಿಯುತ್ತೇನೆಂದು ಕಂಡಕ್ಟರಿಗೆ ಗೊತ್ತಿರಬೇಡವೇ? ಹೊಸಬನೊಬ್ಬ ಭಟ್ಕಳಕ್ಕೆ ಟಿಕೆಟ್ ಹರಿದುಕೊಟ್ಟಾಗಲೂ ತಪ್ಪು ಅವನದೇ ಎಂದು, ಇಳಿಯುವ ಊರು ದಾಟಿ ಶರಾವತಿ ಸೇತುವೆಯವರೆಗೆ ವಾದಿಸಿದವನು ನಾನು. ಇಂಥ ಮನುಷ್ಯನಿಗೆ, ಎಲ್ಲವನ್ನೂ ಬಿಡಿಸಿ ಹೇಳಬೇಕಾದ ಕೆಲಸವೇ ಸಿಗಬೇಕೇ?

ಎರಡು ಸಾವಿರದ ಎಂಟೋ ಒಂಬತ್ತೋ ಇಸವಿ. ಹೊನ್ನಾವರದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ನಾಲ್ಕು ಕಂಪ್ಯೂಟರು, ಮೂರು ಜನ. ಯಜಮಾನರು ಭಟ್ಕಳದ ಇಕ್ಬಾಲ್ ಸಾಹೇಬರು. ಅವರ ಕೆಳಗೆ ನಾನು, ನನ್ನ ಕೆಳಗೆ ಬೆಳಕೆಯ ಶಾರದಾ. ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು ಓಡುವಂತೆ ಮಾಡುವ ಸಾಫ್ಟ್‌ವೇರ್ ಒಂದನ್ನು ಪರೀಕ್ಷೆ ಮಾಡಿ, ಎಲ್ಲಿ ಎಡವುತ್ತದೆ ಎಂದು ಕಡಲಾಚೆಯ ಅದರ ತಯಾರಕರಿಗೆ ಬರೆದು ತಿಳಿಸುವುದು ನಮ್ಮ ಕೆಲಸ. ಒಳಗಿನ ಕಂಪ್ಯೂಟರಿಗೆ ನಿಜವಾದ ಡಿಸ್ಕ್ ಇರುವುದಿಲ್ಲ; ಒಂದು ಫೈಲನ್ನೇ ಅದು ಡಿಸ್ಕ್ ಎಂದು ನಂಬಿಕೊಂಡಿರುತ್ತದೆ. ಆ ಫೈಲಿನಲ್ಲಿ ಎರಡು ನಮೂನೆ. ಇದ್ದದ್ದನ್ನು ಇದ್ದ ಹಾಗೇ ಇಡುವುದು ‘ರಾ’. ಮಡಚಿ, ತಲೆಯ ಮೇಲೆ, ಅಂದರೆ ಫೈಲಿನ ಮೊದಲಲ್ಲೇ, ತನ್ನ ಗುರುತು ಬರೆದುಕೊಂಡು ಕೂರುವುದು ‘ಕ್ಯೂಕೌ’. ಈ ಎರಡನೆಯ ಹೆಸರನ್ನು ಫೋನಿನಲ್ಲಿ ಕೇಳಿಸಿಕೊಂಡ ಶಾರದಾಳ ತಾಯಿ, ಮಗಳು ದನದ ಆಸ್ಪತ್ರೆಯಲ್ಲಿದ್ದಾಳೆಂದು ಬಹಳ ದಿನ ತಿಳಿದಿದ್ದರಂತೆ.

ಪರೀಕ್ಷೆಯ ಆಜ್ಞೆಗಳನ್ನು ಬರೆಯುವವನು ನಾನು. ಪ್ರತಿ ಆಜ್ಞೆಯಲ್ಲೂ ಡಿಸ್ಕಿನ ಹೆಸರು ಕೊಡಬೇಕು. ಜೊತೆಗೆ ಅದು ಯಾವ ನಮೂನೆ ಎಂದೂ ಹೇಳಬಹುದು. ಹೇಳದಿದ್ದರೆ ಸಾಫ್ಟ್‌ವೇರೇ ಫೈಲಿನ ತಲೆ ನೋಡಿ ಊಹಿಸಿಕೊಳ್ಳುತ್ತದೆ. ನನಗೆ ಇನ್ನೇನು ಬೇಕು? ಸುಮಾರು ಇನ್ನೂರು ಆಜ್ಞೆಗಳನ್ನು ನಮೂನೆಯ ಸುದ್ದಿಯೆತ್ತದೆ ಬರೆದು ಮುಗಿಸಿದೆ.

“ಸರ್, ರಾ ಇದ್ದಲ್ಲಿ ರಾ ಅಂತ ಒಂದು ಶಬ್ದ ಹಾಕಿಬಿಡಿ” ಎಂದಳು ಶಾರದಾ.

“ಎಂತಕ್ಕೆ? ಅದಕ್ಕೇ ಗೊತ್ತಾಗ್ತದೆ.”

“ಗೊತ್ತಾಗೂದಲ್ಲ ಸರ್, ಅಂದಾಜು ಮಾಡೂದು. ಅಂದಾಜು ತಪ್ಪಿದ್ರೆ?”

“ತಪ್ಪಿದ್ರೆ ಅದೇ ಅದರ ದೋಷ. ನಾವು ಬರೆದು ಕಳಿಸುವ” ಎಂದು ನಕ್ಕೆ.

ಅದೇ ವಾರ ಮನೆಯಲ್ಲೊಂದು ಜಗಳವಾಗಿತ್ತು. ಹೆಂಡತಿ ಅಕ್ಕಿ ತನ್ನಿ ಎಂದಿದ್ದಳು. ತಂದುಕೊಟ್ಟೆ. ಚೀಲ ಬಿಚ್ಚಿ ನೋಡಿ, “ಇದೆಂತ ಬೆಳ್ತಿಗೆ ಅಕ್ಕಿ? ನಮ್ಮನೇಲಿ ದಿನಾ ಉಣ್ಣೂದು ಕುಚ್ಚಿಗೆ ಅಲ್ದಾ?” ಎಂದಳು. ಯಾವ ಅಕ್ಕಿ ಎಂದು ಸ್ಪಷ್ಟವಾಗಿ ಹೇಳಬೇಕು, ಎದುರಿನವರು ಊಹಿಸಲಿ ಎಂದು ಕೂರಬಾರದು ಎಂದು ನಾನು ಅವಳಿಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ ಮತ್ತೆ ಹತ್ತು ಆಜ್ಞೆಗಳನ್ನು ನಮೂನೆ ಹೇಳದೆ ಬರೆದೆ. ಎರಡಕ್ಕೂ ಸಂಬಂಧವಿದೆ ಎಂದು ಆಗ ಹೊಳೆಯಲಿಲ್ಲ.

ಬುಧವಾರ ಒಂದು ಪರೀಕ್ಷೆ ಬಿದ್ದುಹೋಯಿತು. ಅದರಲ್ಲಿ ಒಳಗಿನ ಕಂಪ್ಯೂಟರು ಖಾಲಿ ರಾ ಡಿಸ್ಕಿನ ಮೊದಲಿನಿಂದ ಒಂದು ಫೈಲನ್ನು ಬರೆಯಬೇಕು, ಮುಚ್ಚಿ ಮತ್ತೆ ತೆರೆದಾಗ ಅದೇ ಅಲ್ಲಿರಬೇಕು. ತೆರೆದರೆ ಡಿಸ್ಕಿನ ಅಳತೆಯೇ ಬೇರೆ, ಒಳಗೆ ಇದ್ದದ್ದೂ ಬೇರೆ! ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ದೊಡ್ಡ ದೋಷ ಸಿಕ್ಕಿತೆಂದು ಕುಣಿದುಕೊಂಡು, “ನಿಮ್ಮ ಸಾಫ್ಟ್‌ವೇರ್ ಬರೆದಿಟ್ಟದ್ದನ್ನು ನುಂಗುತ್ತದೆ, ಇಷ್ಟೂ ನೋಡದೆ ಹೊರಗೆ ಬಿಟ್ಟಿದ್ದೀರಾ?” ಎಂದು ಖಾರವಾಗಿ ಬರೆದು ಕಳಿಸಿದೆ.

ಇಕ್ಬಾಲ್ ಸಾಹೇಬರು ಗಾಬರಿಯಾದರು. “ಅರೇ ಭಾಯಿ, ಇದು ಬಗೆಹರಿಯೂವರೆಗೆ ಯಾರಿಗೂ ರಜೆ ಇಲ್ಲ” ಎಂದರು. ಶಾರದಾಳ ಮುಖ ಸಪ್ಪಗಾಯಿತು. ಭಾನುವಾರ ಅವಳ ನಿಶ್ಚಿತಾರ್ಥ. ಶುಕ್ರವಾರದಿಂದಲೇ ರಜೆ ಕೇಳಿದ್ದಳು. ಗಂಡಿನ ಕಡೆಯವರು ಶನಿವಾರವೇ ಬರುವವರಿದ್ದರು.

ಶುಕ್ರವಾರ ಉತ್ತರ ಬಂತು. ಖಾರವಿಲ್ಲ, ಉಪ್ಪೂ ಇಲ್ಲ. “ನೀವು ಡಿಸ್ಕಿನ ಮೇಲೆ ಬರೆದ ಫೈಲು ಸ್ವತಃ ಒಂದು ಕ್ಯೂಕೌ. ಅದರ ಗುರುತು ಈಗ ಡಿಸ್ಕಿನ ತಲೆಯ ಮೇಲೆ ಕೂತಿದೆ. ನಮೂನೆ ನೀವು ಹೇಳಿಲ್ಲ. ಆದ್ದರಿಂದ ಸಾಫ್ಟ್‌ವೇರ್ ಇಡೀ ಡಿಸ್ಕನ್ನೇ ಕ್ಯೂಕೌ ಎಂದುಕೊಂಡಿತು. ದಯವಿಟ್ಟು ಹೇಳಿ.”

ನಾನು ಶಾರದಾಳ ಕಡೆ ನೋಡಲಿಲ್ಲ. ಅವಳೂ “ನಾ ಹೇಳಿದ್ದೆ” ಎನ್ನಲಿಲ್ಲ. ಅಂದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. “ಆತು ಸರ್, ಈಗ ಹಾಕುವ” ಎಂದಷ್ಟೇ ಹೇಳಿ ಕುರ್ಚಿ ಎಳೆದುಕೊಂಡಳು. ಒಂದೊಂದೇ ನೋಡಿ ಹಾಕುವ ಎಂದು ಅವಳು. ಅಷ್ಟು ಹೊತ್ತಿಲ್ಲ, ಎಲ್ಲದರಲ್ಲೂ ಒಂದೇ ಏಟಿಗೆ ‘ರಾ’ ತುಂಬುತ್ತೇನೆ ಎಂದು ನಾನು. ಹಿರಿಯ ಎಂಬ ಕಾರಣಕ್ಕೆ ನನ್ನ ಮಾತೇ ನಡೆಯಿತು.

ಶನಿವಾರ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಓಡಿಸಿದೆವು. ಶಾರದಾ ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. ಪರೀಕ್ಷೆಗಳು ಒಂದೊಂದಾಗಿ ಪಾಸಾದವು, ಬುಧವಾರ ಬಿದ್ದದ್ದೂ ಸೇರಿ. ಕೊನೆಯ ಪರೀಕ್ಷೆಯಲ್ಲಿ ಮಾತ್ರ ಒಳಗಿನ ಕಂಪ್ಯೂಟರು ಏಳಲೇ ಇಲ್ಲ. ಕಪ್ಪು ಪರದೆ. ಬಸ್ಸಿನ ಹೊತ್ತು ನೋಡಿ ಬರುತ್ತೇನೆಂದು ಅವಳು ಕೆಳಗಿಳಿದಳು. ನನಗೆ ರೋಷ ಉಕ್ಕಿತು. ಹೇಳಿ ಎಂದರು, ಹೇಳಿದೆ, ಹೇಳಿದರೂ ಕೇಳದಿದ್ದರೆ? “ಈ ಬಾರಿ ತಪ್ಪು ಖಂಡಿತ ನಿಮ್ಮದೇ” ಎಂದು ಆರಂಭಿಸಿ ಒಂದು ಪುಟ ಬರೆದು ಕಳಿಸಿಯೂ ಬಿಟ್ಟೆ.

ಶಾರದಾ ಮೇಲೆ ಬಂದು ಪರದೆಯ ಮೇಲೆ ಬಗ್ಗಿ ನೋಡಿದಳು.

“ಸರ್, ಈ ಡಿಸ್ಕು ರಾ ಅಲ್ಲ. ಇದೊಂದು ಕ್ಯೂಕೌ. ನೀವು ಎಲ್ಲದಕ್ಕೂ ರಾ ಅಂತ ಹಾಕಿದ್ರಿ. ನೀವು ಹೇಳಿದ್ರಿ, ಅದು ನಂಬ್ತು.”

ಒಂದು ಶಬ್ದ ಅಳಿಸಿ ಇನ್ನೊಂದು ಬರೆದಳು. ಕಂಪ್ಯೂಟರು ಎದ್ದು ಕುಳಿತಿತು. ಇಕ್ಬಾಲ್ ಸಾಹೇಬರು “ಮುಬಾರಕ್ ಬೇಟಾ, ಹೊರಡು ಹೊರಡು” ಎಂದರು. ಅವಳು ಎರಡು ಮೆಟ್ಟಿಲಿಳಿದು ತಿರುಗಿ ನಿಂತಳು.

“ಸರ್, ಅವರಿಗೆ ಮತ್ತೆ ಮೇಲ್ ಗೀಲ್ ಕಳಿಸ್ಲಿಲ್ಲ ಅಲ್ದಾ?”

“ಹ್ಞೂಂ” ಎಂದೆ.

ಯಾವುದಕ್ಕೆ ಹ್ಞೂಂ ಎಂದು ಅವಳು ಕೇಳಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.